ಕೀಯಲ್ಲಿ ಚಿಪ್ ಇಲ್ಲ ಎಂದ ದಿನ

ಕೋವಿಡ್ ಕಳೆದ ಮರುವರ್ಷ. ಜಗಳೂರಿನಲ್ಲಿ ನನ್ನ ಆಟೊ ಎಲೆಕ್ಟ್ರಿಕಲ್ ಅಂಗಡಿಗೆ ಆಗ ಹತ್ತೊಂಬತ್ತು ವರ್ಷ. ಗಾಡಿಯ ದೋಷ ಓದಿ ಹೇಳುವ ಸ್ಕ್ಯಾನರ್ ಕೊಂಡು ಆರು ತಿಂಗಳಾಗಿತ್ತು. ಊರಿಗೆಲ್ಲ ನಾನೊಬ್ಬನೇ ಪಂಡಿತ ಎಂಬ ಜಂಬವೂ ಬಂದಿತ್ತು.

ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಮಧ್ಯಾಹ್ನ ಮನೆಗೆ ಕರೆಸಿದರು. ಬೆಳಿಗ್ಗೆಯಿಂದ ದಿನಬಳಕೆಯ ಕೀ ಹಾಕಿದರೆ ಕಾರಿನ ಬಾಗಿಲೇನೋ ತೆರೆಯುತ್ತಿತ್ತು, ಇಂಜಿನ್ ಮಾತ್ರ ಸ್ಟಾರ್ಟ್ ಆದ ಎರಡೇ ಸೆಕೆಂಡಿಗೆ ಆರುತ್ತಿತ್ತು. ಬೀರುವಿನಲ್ಲಿದ್ದ ಎರಡನೇ ಕೀಗೆ ಸಲೀಸಾಗಿ ಓಡುತ್ತಿತ್ತು. ಪಕ್ಕದಲ್ಲಿ ಡ್ರೈವರ್ ತಿಪ್ಪೇಶ ಕೈಕಟ್ಟಿ ನಿಂತಿದ್ದ. ಹತ್ತಿರದ ಸೊಕ್ಕೆ ಊರಿನವನು, ಅವರಲ್ಲಿ ಹನ್ನೊಂದು ವರ್ಷದಿಂದ ಇದ್ದ. ಅಸಲಿ ಕೀಯನ್ನು ಯಾರಿಗೋ ಕೊಟ್ಟು ಡೂಪ್ಲಿಕೇಟ್ ತಂದಿಟ್ಟಿದ್ದಾನೆ ಎಂಬುದು ಯಜಮಾನರ ಗುಮಾನಿ. ಇದೇ ಅಸಲಿ ಕೀ ಎಂಬುದು ಅವನ ಮಾತು. ನಾನು ಹೂಂ ಅಂದರೆ ಪೊಲೀಸರಿಗೆ ಫೋನ್ ಹೋಗುವುದಿತ್ತು.

ಇಮೊಬಿಲೈಸರ್ ಎಂದರೆ ಕಳ್ಳತನ ತಡೆಯುವ ಏರ್ಪಾಡು. ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತಲಿನ ಕಾಯಿಲ್, ಅಂದರೆ ತಂತಿಸುರುಳಿ, ಅದನ್ನು ಎಬ್ಬಿಸಿ ಗುರುತು ಕೇಳುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ಇಂಜಿನ್ ಓಡುತ್ತದೆ. ಬೀದಿಯಲ್ಲಿ ಮಾಡಿಸಿದ ಡೂಪ್ಲಿಕೇಟ್ ಬಾಗಿಲು ತೆರೆದೀತು, ಗುರುತು ಹೇಳಲಾರದು.

ಸ್ಕ್ಯಾನರ್ ಹಾಕಿದೆ. ಕೀಯಿಂದ ಉತ್ತರವಿಲ್ಲ ಎಂದು ತೋರಿಸಿತು. ನನ್ನ ನಾಲಿಗೆ ತಡೆಯಲಿಲ್ಲ.

“ಇದರಾಗೆ ಚಿಪ್ಪೇ ಇಲ್ರಿ,” ಅಂದುಬಿಟ್ಟೆ.

ತಿಪ್ಪೇಶನ ಮುಖ ಬಿಳಿಚಿಕೊಂಡಿತು. ಯಜಮಾನರು ಫೋನ್ ಕಿವಿಗಿಟ್ಟರು.

ಆಡಿದ ಮಾತಿಗೆ ಪುರಾವೆ ತೋರಿಸೋಣವೆಂದು ಕೀಯ ರೆಕ್ಸಿನ್ ಕವರಿನ ಹೊಲಿಗೆ ಬಿಚ್ಚಿದೆ. ಒಳಗೆ ಕೀಯ ತಲೆಗೆ ಬಿಗಿಯಾಗಿ ಮಂತ್ರ ಕೆತ್ತಿದ ತಾಮ್ರದ ಯಂತ್ರದ ತಗಡು ಸುತ್ತಿಕೊಂಡಿತ್ತು. ಹಿಂದಿನ ದಿನ ಅಮಾವಾಸ್ಯೆ. ಗಾಡಿ ಪೂಜೆ ಮಾಡಿ, ಕಾರಿಗೆ ದೃಷ್ಟಿ ತಾಗದಿರಲೆಂದು ತಾವೇ ಅದನ್ನಿಟ್ಟು ಹೊಲಿದದ್ದಾಗಿ ಯಜಮಾನರ ತಾಯಿ ಬಾಗಿಲಲ್ಲಿ ನಿಂತು ಹೇಳಿದರು. ಆ ತಾಮ್ರದ ಸುತ್ತು ಕಾಯಿಲಿನ ಕರೆಯನ್ನು ಚಿಪ್ಪಿಗೆ ಮುಟ್ಟಗೊಡುತ್ತಿರಲಿಲ್ಲ. ತಗಡು ತೆಗೆದು ಅದೇ ಕೀ ತಿರುಗಿಸಿದೆ. ಕಾರು ಸ್ಟಾರ್ಟ್ ಆಯಿತು, ಆರಲಿಲ್ಲ.

ಯಜಮಾನರು ಫೋನ್ ಜೇಬಿಗಿಳಿಸಿ, ಆಗಿದ್ದು ಆಗಿಹೋಯಿತು, ಗಾಡಿ ತೆಗಿ ಎಂದರು. ತಿಪ್ಪೇಶ ಕೀ ಮುಟ್ಟಲಿಲ್ಲ.

“ಕೀ ಹೇಳಿದ್ದು ನಂಬಿದ್ರಿ. ಬೆಳಿಗ್ಗೆಯಿಂದ ನಾನೂ ಅದನ್ನೇ ಹೇಳ್ತಿದ್ನಲ್ರಿ ಯಜಮಾನ್ರೆ.”

ಅಷ್ಟೇ ಅಂದು ಸೊಕ್ಕೆ ಬಸ್ಸಿಗೆ ಹೊರಟುಹೋದ.

ಮರುದಿನ ಅವನ ಮನೆಗೆ ಹೋಗಿ ತಪ್ಪಾಯಿತೆಂದೆ. ಟೀ ಕೊಟ್ಟು ಕಳಿಸಿದ. ಕೆಲಸಕ್ಕೆ ಮಾತ್ರ ಹಿಂದಿರುಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಸ್ಕ್ಯಾನರ್ ತೋರಿಸಿದಷ್ಟನ್ನೇ ಓದಿ ಹೇಳುತ್ತೇನೆ. ಮಿಕ್ಕಿದ್ದು ಬಿಚ್ಚಿ ನೋಡಿದ ಮೇಲೆ.