ಫೋನಿನೊಳಗೆ ತಿರುಗುವ ಮಂಚ

ಮೊಮ್ಮಗಳ ಮಂಚಕ್ಕೆ ಗಿರಾಕಿ ಸಿಕ್ಕರು. ಹನೂರಿನವರು, ಮಗಳ ಮದುವೆಗಂತೆ. ಬೆಳಗ್ಗೆಯಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದೆ, ಹಿಗ್ಗು ಇನ್ನೂ ಇಳಿದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕೊಳ್ಳೇಗಾಲದಲ್ಲಿ ನಮ್ಮದೊಂದು ಮರಗೆಲಸದ ಅಂಗಡಿ. ರೆಡಿಮೇಡ್ ಮಂಚಗಳು ಬಂದ ಮೇಲೆ ನನ್ನ ಉಳಿ, ಕೀಸುಳಿಗೆ ಕೆಲಸವಿಲ್ಲ. ಈ ತಿಂಗಳು ಕಳೆದರೆ ಬಿಟ್ಟುಬಿಡುತ್ತೇವೆಂದು ಮಳಿಗೆ ಬಾಡಿಗೆಗೆ ಕೊಟ್ಟವರಿಗೆ ಮಗ ಹೇಳಿಯೂ ಆಗಿತ್ತು. ಅಂಗಡಿ ಉಳಿಸಬೇಕೆಂದು ಮೊಮ್ಮಗಳು ಕಂಪ್ಯೂಟರಿನಲ್ಲಿ ಮಂಚದ ಚಿತ್ರ ಬರೆಯಲು ಕೂತಳು. ಅದನ್ನು ಫೋನಿಗೆ ಕಳಿಸಿದರೆ ಗಿರಾಕಿ ಬೆರಳಲ್ಲಿ ತಿರುಗಿಸಿ ಹಿಂದೆ ಮುಂದೆ, ಅಡಿಯ ಪಟ್ಟಿ, ಎಲ್ಲ ನೋಡಬಹುದು. ಚೆಂದ ಕಾಣಲೆಂದು ಸುತ್ತ ಒಂದು ಕೋಣೆಯನ್ನೂ ಬರೆದಿದ್ದಳು.

ಎಲ್ಲರೂ ತಿರುಗಿಸಿದರು, ಯಾರೂ ಬರಲಿಲ್ಲ. ಸತ್ತೇಗಾಲ, ಯಳಂದೂರು, ಹನೂರು, ಎಲ್ಲಿಂದಲೂ ಒಂದೇ ಮಾತು: "ಚೆನ್ನಾಗದೆ, ನೋಡಿ ಯೋಳ್ತೀವಿ." ಯಾಕೆ ಬೇಡವೆಂದು ಒಬ್ಬರೂ ಬಾಯಿಬಿಡಲಿಲ್ಲ. ಅವಳು ಬಣ್ಣ ಬದಲಿಸಿದಳು, ಕಾಲು ಬದಲಿಸಿದಳು. ಆಮೇಲೆ ಕಂಪ್ಯೂಟರನ್ನೇ ತೆರೆಯದಾದಳು.

ಮೊನ್ನೆ ನಾನೇ ಕೇಳಿದೆ. "ನಂಗೂ ಒಸಿ ತೋರ್ಸವ್ವ."

"ನೀನ್ ನೋಡಿ ಏನ್ ಮಾಡಿಯೇ ತಾತ, ನೀನೇನ್ ಕೊಂಡಿಯಾ?"

ಕನ್ನಡಕ ಹಾಕಿಕೊಂಡು ನೋಡಿದೆ. ಕೋಣೆಯ ಬಾಗಿಲಾಚೆ ತುಳಸಿಕಟ್ಟೆ, ಅದರ ಹಿಂದೆ ಹುಟ್ಟುವ ಸೂರ್ಯ. ಅಲ್ಲಿಗೆ ಬಾಗಿಲು ಪೂರ್ವಕ್ಕಾಯಿತು. ಮಂಚದ ತಲೆಭಾಗ ನೋಡಿದರೆ ಉತ್ತರಕ್ಕಿದೆ.

"ಲೇ ಕೂಸೇ, ಬಡಗಲಿಗೆ ತಲೆ ಮಡಗಿ ಯಾರವ್ವ ಮಲಗಾರು? ಅದೂ ಮದ್ವೆ ಮಂಚದ ಮ್ಯಾಲೆ."

"ಅದು ಬರೀ ಚಿತ್ರ ತಾತ. ಮನೇಲಿ ಎಂಗ್ ಬೇಕಾದ್ರೂ ಆಕೋಬೋದು."

"ಅವ್ರು ನೋಡಾದೂ ಚಿತ್ರನೇ ಕಣವ್ವ. ಕೆಟ್ಟ ಮಾತ ಬಾಯಲ್ಲಿ ಆಡ್ಬಾರ್ದು ಅಂತ ಸುಮ್ಕಾಗವ್ರೆ."

ಅವಳು ಮಂಚದ ತಲೆಯನ್ನು ದಕ್ಷಿಣಕ್ಕೆ ತಿರುಗಿಸಿ ಮೊದಲು ನೋಡಿದವರಿಗೆಲ್ಲ ಮತ್ತೆ ಕಳಿಸಿದಳು. ಉಳಿದವರೆಲ್ಲ ಅಷ್ಟೊತ್ತಿಗೆ ಬೇರೆ ಕಡೆ ಕೊಂಡಾಗಿತ್ತು. ಹನೂರಿನವರು ಮಾತ್ರ ಇವತ್ತು ಫೋನು ಮಾಡಿದರು.

ಮಗ ನಗಲಿಲ್ಲ. "ಒಂದ್ ಮಂಚ ಕಣಪ್ಪ. ಇದ್ರಲ್ಲಿ ಅಂಗ್ಡಿ ನಡ್ದದಾ?"

ನಡೆಯುವುದಿಲ್ಲ, ನನಗೂ ಗೊತ್ತು. ತಿಂಗಳ ಕೊನೆಗೆ ಬಾಗಿಲು ಹಾಕುವುದೇ. ಅಂಗಡಿಯಿಂದ ಹೊರಡುವ ಕೊನೆಯ ಮಂಚ ಇದೇ. ಹಾಗಿದ್ದೂ ಅವಳು ಬರೆದದ್ದಕ್ಕೆ ಮರ ಕೀಸುವವನು ನಾನು, ಅದನ್ನು ನೆನೆದರೆ ಕೂತಲ್ಲಿ ಕೂರಲಾಗುತ್ತಿಲ್ಲ.

ಸಂಜೆ ಸೊಸೆ ಮುದ್ದೆ ತೊಳಸಿ ಅವರೆಕಾಳಿನ ಸಾರು ಮಾಡಿದಳು. ಮಗ ಮೊದಲು ಬೇಡವೆಂದ, ಆಮೇಲೆ ತಾನೇ ತಟ್ಟೆ ತಂದು ಮಗಳ ಪಕ್ಕ ಕೂತ. ನಾಲ್ಕೂ ಜನ ಒಟ್ಟಿಗೆ ಉಂಡೆವು.