ಸದ್ದು ನಿಂತಾಗ

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಜ್ಯೋತಿಲಕ್ಷ್ಮಿಗೆ ಎಂಥ ಗದ್ದಲದಲ್ಲೂ ನಿದ್ದೆ ಬರುತ್ತದೆ. ಸದ್ದು ನಿಂತರೆ ಮಾತ್ರ ಎಚ್ಚರವಾಗುತ್ತದೆ. ಊಟದ ಬಿಡುವಿನಲ್ಲಿ ಬಟ್ಟೆಯ ಗಂಟಿಗೆ ಒರಗಿ ತೂಕಡಿಸುವವಳು, ಕರೆಂಟ್ ಹೋಗಿ ಫ್ಯಾನು ನಿಂತೊಡನೆ ಬೆಚ್ಚಿ ಎದ್ದು, ಕೈಚಾಚಿ ಒಂದು ಪುಟ್ಟ ಪಾದವನ್ನು ಹುಡುಕುತ್ತಾಳೆ. ಮಗಳು ಚಾರ್ವಿಗೆ ಹುಟ್ಟುವಾಗಲೇ ಸೀಳು ಅಂಗುಳ. ಆಪರೇಷನ್ ಮಾಡಿ ಅದನ್ನು ಮುಚ್ಚಿದ ಮೇಲೆ ಗೊರಕೆ ಶುರುವಾಯಿತು. ನಿದ್ದೆಯಲ್ಲಿ ಆ ಗೊರಕೆ ತಟ್ಟನೆ ನಿಲ್ಲುತ್ತದೆ. ಎದೆ ಏಳುತ್ತದೆ, ಉಸಿರು ಬರುವುದಿಲ್ಲ. ಆಗ ಅಂಗಾಲು ಚಿವುಟಬೇಕು. ನಿದ್ದೆಯ ಪರೀಕ್ಷೆಗೆ ಆಸ್ಪತ್ರೆಯವರು ಕರೆಯುವ ತನಕ ತಾಯಿಯ ಬೆರಳೇ ಕಾವಲು. ಬಸ್ಸಿನಲ್ಲಿ ಪಕ್ಕದ ಹುಡುಗಿಯ ಗೊರಕೆ ನಿಂತರೂ ಆ ಬೆರಳು ಸುಮ್ಮನಿರದು. "ಯಾಕ್ ಆಂಟಿ ಚಿವುಟ್ತೀರಾ?" ಎಂದರೆ, "ಉಸಿರು ಬಿಡಮ್ಮ, ಆಮೇಲ್ ಬಯ್ಯೋವಂತೆ" ಎನ್ನುತ್ತಾಳೆ. "ಇವಳ ಮುಂದೆ ಸುಮ್ನೆ ಮಲಗ್ಬೇಡ ಕಣೇ, ಗೊರಕೆ ಹೊಡಿ!" ಎಂದು ಜೊತೆಯವರು ನಗುತ್ತಾರೆ. ಮೊನ್ನೆ ಭಾನುವಾರ ಮಧ್ಯಾಹ್ನ ಚಾರ್ವಿ ತನ್ನ ಗೊಂಬೆಯನ್ನು ಮಲಗಿಸಿದಳು. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ಅದು. ಅದರ ಮೂಗಿನ ಕೆಳಗೆ ಬೆರಳಿಟ್ಟಳು. ಅಂಗಾಲು ಚಿವುಟಿದಳು, ಕಾದಳು, ಮತ್ತೆ ಚಿವುಟಿದಳು. "ಅಮ್ಮಾ, ಇವಳು ಉಸಿರು ಬಿಡ್ತಾನೇ ಇಲ್ಲ" ಎಂದಳು, ತನ್ನ ಮೂಗಿನ ದನಿಯಲ್ಲಿ, ಅಳದೆ. ನಕ್ಕುಬಿಡಬಹುದಿತ್ತು. ಜ್ಯೋತಿಲಕ್ಷ್ಮಿ ಓಡಿಬಂದು ಗೊಂಬೆಯನ್ನು ಬಾಚಿ ಎತ್ತಿಕೊಂಡಳು. ಅದರ ರೆಪ್ಪೆ ಟಕ್ಕೆಂದು ತೆರೆಯಿತು. ಆಮೇಲೆಯೇ ತಾಯಿ ಮಗಳಿಬ್ಬರೂ ಬಿಗಿಹಿಡಿದಿದ್ದ ಉಸಿರು ಬಿಟ್ಟರು.