ಸುಂಕದಕಟ್ಟೆಯ ರೂಟರ್ ಸಾರಿದ ದಾರಿ

ರೂಟರ್ ತಾನಾಗಿ ಏನೂ ಮಾಡುವುದಿಲ್ಲ, ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನು. ವಿಚಿತ್ರ ಘಟನೆಗಳ ಕತೆ ಕೇಳಿದರೆ ನಗುತ್ತಿದ್ದೆ. ನನಗೇ ಆದದ್ದನ್ನು ಈಗ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ವಿಜಯನಗರದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿದ್ದೆ. ಬೇರೆ ಬೇರೆ ಬಡಾವಣೆಗಳಲ್ಲಿದ್ದ ನಮ್ಮ ರೂಟರುಗಳು ಮಾಹಿತಿ ಸಾಗಲು ತಮಗೆ ಗೊತ್ತಿರುವ ದಾರಿಗಳನ್ನು ಒಂದಕ್ಕೊಂದು ತಿಳಿಸುತ್ತಿದ್ದವು. ಯಾವ ದಾರಿಯೆಂದು ಗೊತ್ತಿಲ್ಲದ್ದನ್ನೆಲ್ಲ ಕಳಿಸುವ ಕೊನೆಯ ದಾರಿಗೆ ಡಿಫಾಲ್ಟ್ ರೂಟ್ ಎನ್ನುತ್ತೇವೆ. ಅದನ್ನು ಉಳಿದವಕ್ಕೆ ಸಾರುತ್ತಿದ್ದುದು ರಾಜಾಜಿನಗರದ ರೂಟರ್ ಒಂದೇ. ಒಂದು ಮಧ್ಯಾಹ್ನ ರಸ್ತೆ ಅಗೆಯುವವರು ಅಲ್ಲಿಯ ಕೇಬಲ್ ಕತ್ತರಿಸಿದರು.

ಕೂಡಲೇ ನಮ್ಮ ಇಂಟರ್ನೆಟ್ ಪಡೆದಿದ್ದ ಹೇರೋಹಳ್ಳಿಯ ನರ್ಸಿಂಗ್ ಹೋಮಿನಿಂದ ನರ್ಸ್ ಗಿರಿಜಾ ಫೋನ್ ಮಾಡಿದರು. ಆಗ ತಾನೇ ಹುಟ್ಟಿದ ಮಗು ಉಸಿರಾಡಲು ಕಷ್ಟಪಡುತ್ತಿತ್ತು. ದೊಡ್ಡ ಡಾಕ್ಟರೊಬ್ಬರು ವಿಡಿಯೋದಲ್ಲಿ ನೋಡುತ್ತಾ ಹೇಳಿಕೊಡುತ್ತಿದ್ದರಂತೆ. ಅಲ್ಲಿ ಮೊಬೈಲ್ ಸಿಗ್ನಲ್ ಮಾತಿಗಷ್ಟೇ ಸಾಲುತ್ತಿತ್ತು.

“ವಿಡಿಯೋ ನಿಂತೋಗಿದೆ ಮೇಡಂ. ಬೇಗ ಏನಾದ್ರೂ ಮಾಡಿ.”

“ಫೋನ್ ಇಡಬೇಡಿ. ಮಾಡ್ತೀನಿ,” ಅಂದೆ.

ಕೆಂಗೇರಿಯಲ್ಲಿ ಹೊರಗಿನ ಇಂಟರ್ನೆಟ್ಟಿಗೆ ನಮ್ಮದೇ ಇನ್ನೊಂದು ಲೈನ್ ಇತ್ತು. ಅಲ್ಲಿಂದ ಡಿಫಾಲ್ಟ್ ರೂಟ್ ಸಾರಿಸದೆ ಏಳುವುದಿಲ್ಲವೆಂದು ಕೂತೆ. ಅದಕ್ಕೆ ಬೇಕಾದ ಆದೇಶದ ಮೊದಲ ಸಾಲು ಟೈಪ್ ಮಾಡುತ್ತಿದ್ದಾಗಲೇ ಗಿರಿಜಾ ಹೇಳಿದರು: “ಬಂತು ಮೇಡಂ. ಡಾಕ್ಟರ್ ಕಾಣ್ತಾ ಇದಾರೆ.”

ನಾನಿನ್ನೂ ಏನೂ ಮಾಡಿರಲಿಲ್ಲ. ಹೇರೋಹಳ್ಳಿಯ ರೂಟರಿನೊಳಗೆ ಹೋಗಿ ನೋಡಿದೆ. ಡಿಫಾಲ್ಟ್ ರೂಟ್ ಇತ್ತು. ಅದನ್ನು ಸಾರುತ್ತಿದ್ದ ರೂಟರಿನ ನಂಬರ್ ಸುಂಕದಕಟ್ಟೆಯದು. ಅಲ್ಲಿ ನಮ್ಮ ರೂಟರ್ ಇದ್ದ ಕಟ್ಟಡ ಕೆಡವಿ ವರ್ಷವಾಗಿತ್ತು. ಅಲ್ಲಿಂದ ಬಿಚ್ಚಿ ತಂದ ರೂಟರ್ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ತಿರುಗಿ ನೋಡಿದೆ. ಅದಕ್ಕೆ ಕರೆಂಟಿನದೂ ಸೇರಿ ಒಂದು ವೈರೂ ಇರಲಿಲ್ಲ.

ಸಹೋದ್ಯೋಗಿ ಮುನಿರಾಜು ಅವರನ್ನು ಕರೆದು ಕೇಳಿದೆ. “ಆ ನಂಬರ್ ಬೇರೆ ಯಾವುದಕ್ಕಾದ್ರೂ ಕೊಟ್ಟಿದೀರಾ?”

“ಇಲ್ಲ ಮೇಡಂ. ನಾನೇ ಬಿಚ್ಚಿ ತಂದು ಅಲ್ಲಿಟ್ಟಿದ್ದು.” ಆಮೇಲೆ ಸ್ಕ್ರೀನ್ ನೋಡಿ, ಕಪಾಟಿನ ಹತ್ತಿರ ಹೋಗಿ ರೂಟರನ್ನು ಮುಟ್ಟಿ ನೋಡಿದರು.

ಕೈ ಹಾಕಿದರೆ ನಡೆಯುತ್ತಿರುವುದೂ ನಿಲ್ಲಬಹುದಿತ್ತು. ಆದರೂ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದ ದಾರಿಯನ್ನು ನೆಚ್ಚಿ ಆ ಮಗುವನ್ನು ಬಿಡಲು ಮನಸ್ಸಾಗಲಿಲ್ಲ. ಕೆಂಗೇರಿಗೆ ಬೇಕಾದ ಒಂದೊಂದು ಸಾಲನ್ನೂ ಟೈಪ್ ಮಾಡಿ ಎರಡು ಸಲ ಓದಿ ಮುಗಿಸಿದೆ. ಕೆಂಗೇರಿಯ ದಾರಿ ಹೇರೋಹಳ್ಳಿ ರೂಟರಿನ ಪಟ್ಟಿಗೆ ಬಂತು. ಸುಂಕದಕಟ್ಟೆಯದು ಕೆಲವು ಕ್ಷಣ ಅದರ ಜೊತೆಗೇ ಇದ್ದು ಮಾಯವಾಯಿತು. ವಿಡಿಯೋ ನಿಲ್ಲಲಿಲ್ಲ. ಸಂಜೆಗೆ ಮಗು ಗಟ್ಟಿಯಾಗಿ ಅತ್ತಿತೆಂದು ಗಿರಿಜಾ ತಿಳಿಸಿದರು.

ವಾರವಿಡೀ ರೂಟರುಗಳ ದಾಖಲೆಗಳನ್ನು ಜಾಲಾಡಿದೆ. ಆ ಕೆಲವು ನಿಮಿಷ ವಿಡಿಯೋ ಯಾವ ತಂತಿಯ ಮೇಲೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಮುಂದೊಮ್ಮೆ ಮುನಿರಾಜು ಆ ರೂಟರನ್ನು ಗುಜರಿಗೆ ಹಾಕೋಣವೇ ಎಂದು ಕೇಳಿದರು. ಬೇಡ ಎಂದೆ. ಅದರ ಧೂಳು ಒರೆಸಿ ಮತ್ತೆ ಅದೇ ಕಪಾಟಿನಲ್ಲಿಟ್ಟೆ.